ಸೆಂಟರ್ ಸ್ಪೀಕರ್ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೋಮ್ ಥಿಯೇಟರ್ ಕಟ್ಟುವವರು ಹೆಚ್ಚು ಹಣ ಸುರಿಯುವುದು ಎಡ-ಬಲಗಳ ಎತ್ತರದ ಸ್ಪೀಕರ್‌ಗಳ ಮೇಲೆ. ಹೆಚ್ಚು ಬೈಯುವುದು ನಡುವಿನ ಸ್ಪೀಕರನ್ನು. ಸ್ಫೋಟಕ್ಕೆ ಕಿಟಕಿ ನಡುಗುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ ಎಂಬುದು ಎಲ್ಲೆಡೆಯ ದೂರು. ಕೆಳಗಿನ ಪ್ರಶ್ನೆಗಳಲ್ಲಿ ಕೆಲವು ಕೊಳ್ಳುವ ಮೊದಲಿನವು, ಕೆಲವು ಕೊಂಡು ತಂದ ಮೇಲಿನವು.

ಎಡ, ಬಲ ಸ್ಪೀಕರ್‌ಗಳು ಚೆನ್ನಾಗಿಯೇ ಇವೆ. ಸೆಂಟರ್ ಬೇಕೇ ಬೇಕೇ?

ನೀವೊಬ್ಬರೇ ನೋಡುವವರಾಗಿದ್ದು, ಎರಡು ಸ್ಪೀಕರ್‌ಗಳ ಸರಿ ನಡುವೆ ಕುಳಿತುಕೊಳ್ಳುವುದಾದರೆ ಬೇಡ. ಸೆಂಟರ್ ಇಲ್ಲವೆಂದು ರಿಸೀವರ್‌ನಲ್ಲಿ (ಎಲ್ಲ ಸ್ಪೀಕರ್‌ಗಳಿಗೂ ಧ್ವನಿ ಹಂಚುವ ಆಂಪ್ಲಿಫೈಯರ್ ಪೆಟ್ಟಿಗೆಯಲ್ಲಿ) ತಿಳಿಸಿದರೆ ಅದು ಸೆಂಟರ್‌ಗೆ ಹೋಗಬೇಕಾದ ಧ್ವನಿಯನ್ನು ಎಡಕ್ಕೂ ಬಲಕ್ಕೂ ಸಮನಾಗಿ ಹಂಚುತ್ತದೆ. ಎರಡೂ ಕಡೆಯಿಂದ ಒಂದೇ ಧ್ವನಿ ಒಂದೇ ಕ್ಷಣಕ್ಕೆ ಬಂದಾಗ ಅದು ನಡುವಿನಿಂದ ಬಂದಂತೆ ಭಾಸವಾಗುತ್ತದೆ. ಕಳಪೆ ಸೆಂಟರ್ ಹಾಕುವುದಕ್ಕಿಂತ ಈ ಭ್ರಮೆಯ ಸೆಂಟರೇ ವಾಸಿ.

ತೊಂದರೆ ಶುರುವಾಗುವುದು ಎರಡನೆಯವರು ಬಂದು ಪಕ್ಕದಲ್ಲಿ ಕುಳಿತಾಗ. ಎಡಗಡೆ ಕುಳಿತವರಿಗೆ ಎಡ ಸ್ಪೀಕರ್‌ನ ಧ್ವನಿ ಕೆಲವೇ ಮಿಲಿಸೆಕೆಂಡುಗಳಷ್ಟು ಬೇಗ ತಲುಪುತ್ತದೆ. ಮೊದಲು ತಲುಪಿದ ಧ್ವನಿಯ ದಿಕ್ಕನ್ನೇ ಮಿದುಳು ನಂಬುವುದರಿಂದ, ಪರದೆಯ ನಡುವೆ ನಿಂತ ಪಾತ್ರದ ಮಾತು ಅವರಿಗೆ ಎಡ ಮೂಲೆಯಿಂದ ಕೇಳಿಸುತ್ತದೆ. ಸೆಂಟರ್ ಸ್ಪೀಕರ್ ಇರುವುದೇ ಈ ಪಕ್ಕದ ಆಸನದವರಿಗಾಗಿ. ಆಯ್ಕೆ ಮಾಡುವಾಗ ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ತಾನೇ ಕರಗುತ್ತದೆ.

ನಡುವೆ ಕುಳಿತವರಿಗೂ ಒಂದು ಸಣ್ಣ ಲಾಭ ಇದೆ. ಭ್ರಮೆಯ ಸೆಂಟರ್‌ನಲ್ಲಿ ಎರಡೂ ಸ್ಪೀಕರ್‌ಗಳ ಧ್ವನಿ ಪ್ರತಿ ಕಿವಿಗೂ ತುಸು ಹಿಂದುಮುಂದಾಗಿ ಬೀಳುತ್ತದೆ. ಇದರಿಂದ ಸುಮಾರು 2 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಧ್ವನಿ ಒಂದಿಷ್ಟು ಕುಗ್ಗುತ್ತದೆ. ವ್ಯಂಜನಗಳ ಸ್ಪಷ್ಟತೆಗೆ ಮುಖ್ಯವಾದ ಭಾಗ ಅದೇ. ನಿಜವಾದ ಸ್ಪೀಕರ್ ನಡುವೆ ಇದ್ದರೆ ಈ ಕುಸಿತ ಇರುವುದಿಲ್ಲ.

ಮೂರನೆಯ ಸ್ಪೀಕರ್ ಎಂಬ ಆಲೋಚನೆ ಮಾರಾಟದ ತಂತ್ರವೇ?

ಅಲ್ಲ, ಅದು ಅಂಗಡಿಗೆ ಬಂದ ಸ್ಟೀರಿಯೋ ರೆಕಾರ್ಡ್‌ಗಳಿಗಿಂತ ಹಳೆಯದು. 1933ರ ಏಪ್ರಿಲ್ 27ರಂದು ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ದೂರವಾಣಿ ತಂತಿಗಳ ಮೂಲಕ ವಾಷಿಂಗ್ಟನ್‌ನ ಸಭಾಂಗಣಕ್ಕೆ ಕಳುಹಿಸಿ ಕೇಳಿಸಿದರು. ಬಳಸಿದ್ದು ಮೂರು ವಾಹಿನಿಗಳು: ಎಡ, ನಡು, ಬಲ. ದೊಡ್ಡ ಸಭೆಯಲ್ಲಿ ಎಲ್ಲರೂ ಸರಿ ನಡುವೆ ಕೂರಲಾರರು ಎಂಬುದು ಅವರಿಗೆ ಆಗಲೇ ಗೊತ್ತಿತ್ತು. ಚಿತ್ರಮಂದಿರಗಳು ಪರದೆಯ ಹಿಂದೆ ಮಾತಿಗೆಂದೇ ನಡುವಿನ ಸ್ಪೀಕರ್ ಇಟ್ಟುಕೊಂಡವು. ಮನೆಗಳಲ್ಲಿ ಅದು ಸಾಮಾನ್ಯವಾದದ್ದು ಬಹಳ ತಡವಾಗಿ, ಎರಡು ವಾಹಿನಿಯ ಧ್ವನಿಯಿಂದ ನಡುವಿನದ್ದನ್ನೂ ಬೇರ್ಪಡಿಸಿ ಕೊಡುವ ಡಾಲ್ಬಿ ಪ್ರೊ ಲಾಜಿಕ್ 1987ರಲ್ಲಿ ಬಂದ ನಂತರ.

ಚಿತ್ರದ ಎಷ್ಟು ಧ್ವನಿ ಸೆಂಟರ್‌ನಿಂದ ಬರುತ್ತದೆ?

ಜಾಹೀರಾತುಗಳಲ್ಲಿ ಬಗೆಬಗೆಯ ಶೇಕಡಾವಾರು ಲೆಕ್ಕಗಳು ಕಾಣುತ್ತವೆ. ನಿಜದಲ್ಲಿ ಇದು ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ. ಸಂಭಾಷಣೆಯ ಬಹುಪಾಲು ಅಲ್ಲಿಂದಲೇ ಬರುತ್ತದೆ. ಪರದೆಯ ನಡುವೆ ನಡೆಯುವ ಹೆಜ್ಜೆ ಸಪ್ಪಳ, ಬಾಗಿಲು, ಗುದ್ದುಗಳ ದೊಡ್ಡ ಪಾಲೂ ಅಲ್ಲಿಂದಲೇ. ರಿಸೀವರ್ ಆಫ್ ಮಾಡಿ, ಸೆಂಟರ್‌ನ ತಂತಿ ಬಿಚ್ಚಿಟ್ಟು, ಮತ್ತೆ ಆನ್ ಮಾಡಿ ಐದು ನಿಮಿಷ ನೋಡಿ. ತುಟಿ ಅಲುಗುತ್ತದೆ, ಮಾತಿಲ್ಲ. ಶೇಕಡಾವಾರು ಲೆಕ್ಕಕ್ಕಿಂತ ಇದು ಚೆನ್ನಾಗಿ ಮನವರಿಕೆ ಮಾಡಿಕೊಡುತ್ತದೆ.

ಎಡ-ಬಲ ಒಂದು ಕಂಪನಿಯದು, ಸೆಂಟರ್ ಇನ್ನೊಂದು ಕಂಪನಿಯದು ಆದರೆ ನಡೆಯುತ್ತದೆಯೇ?

ಶಬ್ದ ಬರುತ್ತದೆ, ಆದರೆ ಮುಂಭಾಗದ ಧ್ವನಿ ಮೂರು ತುಂಡಾಗುತ್ತದೆ. ಪರದೆಯ ಎಡದಿಂದ ಬಲಕ್ಕೆ ಕಾರೊಂದು ಹಾದುಹೋಗುವ ದೃಶ್ಯ ನೆನೆಸಿಕೊಳ್ಳಿ. ಮೂರೂ ಸ್ಪೀಕರ್‌ಗಳ ನಾದಗುಣ ಒಂದೇ ಇದ್ದರೆ ಒಂದೇ ಕಾರು ಸರಿಯುತ್ತದೆ. ಬೇರೆ ಬೇರೆ ಇದ್ದರೆ ನಡುವೆ ಬಂದಾಗ ಕಾರಿನ ಎಂಜಿನ್ನೇ ಬದಲಾದಂತೆ ಕೇಳಿಸುತ್ತದೆ.

ಹಾಗಾಗಿ ಮೊದಲ ನಿಯಮ: ಎಡ-ಬಲಗಳ ಕಂಪನಿ ಮಾತ್ರವಲ್ಲ, ಅದೇ ಶ್ರೇಣಿಯ ಸೆಂಟರ್ ಹುಡುಕಿ. ಒಂದೇ ಕಂಪನಿಯ ಅಗ್ಗದ ಶ್ರೇಣಿಗೂ ದುಬಾರಿ ಶ್ರೇಣಿಗೂ ಹೆಸರಿನ ಫಲಕ ಬಿಟ್ಟರೆ ಸಂಬಂಧವೇ ಇರದಿರಬಹುದು. ನಿಮ್ಮ ಶ್ರೇಣಿಯ ತಯಾರಿಕೆ ನಿಂತುಹೋಗಿದ್ದರೆ ಟ್ವೀಟರ್, ಅಂದರೆ ಎತ್ತರದ ಆವರ್ತನ ನುಡಿಸುವ ಸಣ್ಣ ಗುಮ್ಮಟ, ನೋಡಿ. ಒಂದೇ ಬಗೆಯ, ಒಂದೇ ಅಳತೆಯ ಟ್ವೀಟರ್, ಹತ್ತಿರದ ಕ್ರಾಸ್‌ಓವರ್ ಆವರ್ತನ (ಕೆಳಗಿನ ಆವರ್ತನ ನುಡಿಸುವ ವೂಫರ್ ಕೆಲಸ ಬಿಟ್ಟು ಟ್ವೀಟರ್ ಹಿಡಿಯುವ ಜಾಗ), ಅದೇ ವಸ್ತುವಿನ ವೂಫರ್ ಕೋನ್ ಇದ್ದರೆ ಹೊಂದಿಕೊಳ್ಳುವ ಸಂಭವ ಹೆಚ್ಚು. ಸಂಭವ ಮಾತ್ರ, ಖಾತರಿಯಲ್ಲ. ಕಿವಿಯಿಂದ ಕೇಳಿಯೇ ತೀರ್ಮಾನಿಸಬೇಕು. ಹಿಂಬದಿಯ ಸರೌಂಡ್ ಸ್ಪೀಕರ್‌ಗಳ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಬೇಕಿಲ್ಲ.

ಎಡ-ಬಲಕ್ಕೆ ಇಟ್ಟಿರುವಂಥದ್ದೇ ಮೂರನೆಯ ಸ್ಪೀಕರ್ ನಡುವೆ ಇಟ್ಟರೆ?

ಇದಕ್ಕಿಂತ ಒಳ್ಳೆಯದು ಇಲ್ಲ. ಅಡ್ಡ ಮಲಗಿದ ಉದ್ದನೆಯ ಸೆಂಟರ್ ಸ್ಪೀಕರ್ ಹುಟ್ಟಿದ್ದು ಧ್ವನಿಗಾಗಿ ಅಲ್ಲ, ಟಿವಿಯ ಕೆಳಗಿನ ಗಿಡ್ಡ ಜಾಗಕ್ಕಾಗಿ. ಜಾಗ ಇರುವವರು ಮೂರು ಒಂದೇ ಬುಕ್‌ಶೆಲ್ಫ್ ಸ್ಪೀಕರ್‌ಗಳನ್ನು (ಕಪಾಟಿನ ಹಲಗೆಯ ಮೇಲೆ ಕೂರುವಷ್ಟು ಸಣ್ಣವು) ನೆಟ್ಟಗೆ ನಿಲ್ಲಿಸಿದರೆ ನಾದಗುಣದ ಹೊಂದಾಣಿಕೆಯ ಪ್ರಶ್ನೆಯೇ ಏಳುವುದಿಲ್ಲ. ಜೋಡಿಯಾಗಿ ಮಾತ್ರ ಮಾರುತ್ತಾರೆ ಎಂಬುದೊಂದು ಅಡ್ಡಿ. ಕೆಲವು ಕಂಪನಿಗಳು ಒಂಟಿಯಾಗಿಯೂ ಕೊಡುತ್ತವೆ, ಕೇಳಿ ನೋಡಿ.

ನೆಟ್ಟಗೆ ನಿಲ್ಲುವಷ್ಟು ಎತ್ತರ ಇಲ್ಲವೆಂದು ಬುಕ್‌ಶೆಲ್ಫ್ ಸ್ಪೀಕರನ್ನು ಮಗ್ಗುಲಾಗಿ ಮಲಗಿಸಬೇಡಿ. ಯಾಕೆ ಎಂಬುದು ಮುಂದಿನ ಉತ್ತರದಲ್ಲಿದೆ.

ಎರಡು ವೂಫರ್, ನಡುವೆ ಒಂದು ಟ್ವೀಟರ್ ಇರುವ ಅಡ್ಡ ಸೆಂಟರ್‌ಗಳನ್ನು ಕೆಲವರು ಬೇಡವೆನ್ನುತ್ತಾರೆ. ಏಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಎರಡು ವೂಫರ್‌ಗಳು ಅಕ್ಕಪಕ್ಕ ಇದ್ದು ಎರಡೂ ಒಂದೇ ಧ್ವನಿ ನುಡಿಸುತ್ತಿವೆ. ಎದುರಿಗೆ ಸರಿ ನಡುವೆ ಕುಳಿತವರಿಗೆ ಎರಡೂ ಒಂದೇ ದೂರ, ಆದ್ದರಿಂದ ಎರಡರ ಧ್ವನಿಯೂ ಕೂಡಿಕೊಳ್ಳುತ್ತದೆ. ಪಕ್ಕಕ್ಕೆ ಸರಿದಂತೆ ಒಂದು ಹತ್ತಿರವಾಗುತ್ತದೆ, ಇನ್ನೊಂದು ದೂರವಾಗುತ್ತದೆ. ಈ ದೂರದ ವ್ಯತ್ಯಾಸ ಯಾವ ಆವರ್ತನದ ಅರ್ಧ ತರಂಗಾಂತರಕ್ಕೆ ಸಮವಾಗುತ್ತದೋ ಆ ಆವರ್ತನದಲ್ಲಿ ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತದೆ. ಎರಡೂ ಪರಸ್ಪರ ಅಳಿಸಿಹಾಕುತ್ತವೆ.

ಲೆಕ್ಕ ಹಾಕಿಯೇ ನೋಡೋಣ. ವೂಫರ್‌ಗಳ ಕೇಂದ್ರಗಳ ನಡುವೆ 30 ಸೆಂಟಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ನೀವು 3 ಮೀಟರ್ ದೂರದಲ್ಲಿ, ನಡುವಿನಿಂದ 80 ಸೆಂಟಿಮೀಟರ್ ಪಕ್ಕಕ್ಕೆ, ಅಂದರೆ ಸುಮಾರು 15 ಡಿಗ್ರಿ ಕೋನದಲ್ಲಿ ಕುಳಿತಿದ್ದೀರಿ. ದೂರದ ವ್ಯತ್ಯಾಸ 8 ಸೆಂಟಿಮೀಟರಿಗೆ ತುಸು ಕಡಿಮೆ. ಧ್ವನಿಯ ವೇಗ ಸೆಕೆಂಡಿಗೆ 343 ಮೀಟರ್ ಎಂದು ಹಿಡಿದರೆ ಅಳಿಯುವ ಆವರ್ತನ ಸುಮಾರು 2,200 ಹರ್ಟ್ಜ್. ಇನ್ನೂ ಪಕ್ಕಕ್ಕೆ, 30 ಡಿಗ್ರಿಗೆ ಹೋದರೆ ವ್ಯತ್ಯಾಸ 15 ಸೆಂಟಿಮೀಟರ್ ಆಗಿ, ಧ್ವನಿ ಅಳಿಯುವ ಈ ಗುಂಡಿ ಸುಮಾರು 1,140 ಹರ್ಟ್ಜ್‌ಗೆ ಇಳಿಯುತ್ತದೆ. ಎರಡೂ ಮಾತಿನ ಹೃದಯಭಾಗದಲ್ಲಿವೆ. ಟ್ವೀಟರ್ ಕೆಲಸ ಶುರುಮಾಡುವುದು ಸಾಮಾನ್ಯವಾಗಿ 2 ರಿಂದ 3 ಕಿಲೋಹರ್ಟ್ಜ್ ಮೇಲೆ. ಅಲ್ಲಿಯವರೆಗೂ ಮಾತನ್ನು ಹೊರುವುದು ಈ ಎರಡು ವೂಫರ್‌ಗಳೇ.

ಹಾಗೆಂದು ಅಲ್ಲಿ ಕುಳಿತವರಿಗೆ ಮಾತು ನಿಂತೇ ಹೋಗುತ್ತದೆ ಎಂದಲ್ಲ. ಗೋಡೆಗಳಿಂದ ಪ್ರತಿಫಲಿಸಿದ ಧ್ವನಿ ಗುಂಡಿಯನ್ನು ಒಂದಷ್ಟು ತುಂಬುತ್ತದೆ. ಆದರೆ ಮಾತು ಪೊಳ್ಳಾಗಿ, ಮಸುಕಾಗಿ ಕೇಳಿಸುತ್ತದೆ. ಪಕ್ಕದ ಆಸನದವರಿಗಾಗಿಯೇ ತಂದ ಸ್ಪೀಕರ್ ಆ ಆಸನದವರಿಗೇ ಕೈಕೊಟ್ಟಂತಾಯಿತು. ಎಡ-ಬಲಗಳಲ್ಲಿ ಇದೇ ಜೋಡಣೆ ಲಂಬವಾಗಿರುವುದರಿಂದ ಗುಂಡಿಗಳು ಮೇಲೆ ಕೆಳಗೆ ಬೀಳುತ್ತವೆ. ಕುಳಿತವರ ಕಿವಿಗಳೆಲ್ಲ ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿರುವುದರಿಂದ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬುಕ್‌ಶೆಲ್ಫ್ ಸ್ಪೀಕರನ್ನು ಮಲಗಿಸಿದರೂ ವೂಫರ್ ಮತ್ತು ಟ್ವೀಟರ್ ಅಕ್ಕಪಕ್ಕ ಬಂದು, ಕ್ರಾಸ್‌ಓವರ್ ಆವರ್ತನದ ಸುತ್ತ ಇದೇ ಕಥೆ.

ಸೋಫಾ ಕಿರಿದಾಗಿದ್ದು, ದೂರವೂ ಚೆನ್ನಾಗಿದ್ದು, ಎಲ್ಲರೂ 10 ಡಿಗ್ರಿಯೊಳಗೇ ಕೂರುವುದಾದರೆ ಇಂಥ ಸೆಂಟರ್ ನಡೆಯುತ್ತದೆ. ಅಗಲವಾದ ಕೋಣೆಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ಹಾಗಾದರೆ ಯಾವ ಜೋಡಣೆ ಒಳ್ಳೆಯದು? ನೋಡಿದರೆ ಗೊತ್ತಾಗುತ್ತದೆಯೇ?

ಮುಂದಿನ ಜಾಲರಿ ತೆಗೆದರೆ ಮುಕ್ಕಾಲು ಭಾಗ ಗೊತ್ತಾಗುತ್ತದೆ. ನಡುವೆ ಟ್ವೀಟರ್, ಅದರ ನೇರ ಕೆಳಗೆ ನಡುವಣ ಆವರ್ತನ ನುಡಿಸುವ ಸಣ್ಣದೊಂದು ಮಿಡ್‌ರೇಂಜ್, ಎರಡೂ ಬದಿಗೆ ವೂಫರ್‌ಗಳು ಇದ್ದರೆ ಅದು ತ್ರೀ-ವೇ ಸೆಂಟರ್. ಇಲ್ಲಿ ವೂಫರ್‌ಗಳು ಕೆಲವು ನೂರು ಹರ್ಟ್ಜ್‌ಗಳಿಗೇ ಕೆಲಸ ಮುಗಿಸಿ, ಮಾತಿನ ಮುಖ್ಯಭಾಗವನ್ನು ಒಂದೇ ಮಿಡ್‌ರೇಂಜ್‌ಗೆ ಬಿಟ್ಟುಕೊಡುತ್ತವೆ. ಅಷ್ಟು ಕೆಳಗಿನ ಆವರ್ತನದಲ್ಲಿ ತರಂಗಾಂತರ ಉದ್ದವಾಗಿರುವುದರಿಂದ ವೂಫರ್‌ಗಳ ಅಂತರ ತೊಂದರೆ ಕೊಡುವುದಿಲ್ಲ. ಪೆಟ್ಟಿಗೆ ಸ್ವಲ್ಪ ಎತ್ತರವಾಗುತ್ತದೆ, ಬೆಲೆಯೂ ಏರುತ್ತದೆ. ಏರಿದ ಬೆಲೆಗೆ ಇಲ್ಲಿ ಅರ್ಥ ಇದೆ.

ಇನ್ನೊಂದು ದಾರಿ, ವೂಫರ್‌ನ ಮಧ್ಯದಲ್ಲೇ ಟ್ವೀಟರ್ ಕೂರಿಸಿದ ಏಕಕೇಂದ್ರ ಡ್ರೈವರ್ (ಡ್ರೈವರ್ ಎಂದರೆ ಸ್ಪೀಕರ್‌ನೊಳಗೆ ಧ್ವನಿ ಹೊರಡಿಸುವ ಘಟಕ). ಟ್ಯಾನಾಯ್ 1947ರಿಂದ, ಕೆಇಎಫ್ 1988ರಿಂದ ಇಂಥವನ್ನು ತಮ್ಮ ತಮ್ಮ ಹೆಸರಿನಲ್ಲಿ ಮಾಡುತ್ತಾ ಬಂದಿವೆ. ಎರಡೂ ಒಂದೇ ಬಿಂದುವಿನಿಂದ ಹೊರಡುವುದರಿಂದ ಯಾವ ಬದಿಗೆ ಹೋದರೂ ಅವುಗಳ ನಡುವೆ ದೂರದ ವ್ಯತ್ಯಾಸ ಹುಟ್ಟುವುದಿಲ್ಲ. ಅಡ್ಡ ಇಟ್ಟರೂ ನೆಟ್ಟಗೆ ಇಟ್ಟರೂ ಒಂದೇ. ಸೆಂಟರ್‌ನ ಕೆಲಸಕ್ಕೆ ಇದಕ್ಕಿಂತ ಸಹಜವಾದ ವಿನ್ಯಾಸ ನನಗೆ ತೋಚುವುದಿಲ್ಲ.

ಮೂರನೆಯದು ನಡುವಣ ರಾಜಿ. ಹೊರಗಿನಿಂದ ನೋಡಲು ಎರಡು ವೂಫರ್‌ನ ಅದೇ ಸಾಮಾನ್ಯ ಸೆಂಟರ್, ಆದರೆ ಒಳಗೆ ಒಂದು ವೂಫರನ್ನು ಬೇಗ ನಿಲ್ಲಿಸಿ ಇನ್ನೊಂದನ್ನು ಮಾತ್ರ ಟ್ವೀಟರ್‌ವರೆಗೆ ಓಡಿಸುತ್ತಾರೆ. ಇದನ್ನು ಎರಡೂವರೆ-ವೇ ಎನ್ನುತ್ತಾರೆ. ಜಾಲರಿ ತೆಗೆದರೂ ಇದು ತಿಳಿಯುವುದಿಲ್ಲ. ತಾಂತ್ರಿಕ ವಿವರದಲ್ಲಿ ಎರಡು ಕ್ರಾಸ್‌ಓವರ್ ಆವರ್ತನಗಳನ್ನು ಕೊಟ್ಟಿದ್ದಾರೆಯೇ ನೋಡಿ.

ವೂಫರ್ ದೊಡ್ಡದಾದಷ್ಟೂ ಒಳ್ಳೆಯದೇ?

ಅತಿ ಕೆಳಗಿನ ಆವರ್ತನಗಳಿಗೆಂದೇ ಬೇರೆ ಸ್ಪೀಕರ್, ಅಂದರೆ ಸಬ್‌ವೂಫರ್, ಇದ್ದರೆ ಇಲ್ಲ. ಮಾತಿನ ಮೂಲಸ್ವರ ಗಂಡಸರಲ್ಲಿ ಸುಮಾರು 85 ರಿಂದ 180 ಹರ್ಟ್ಜ್, ಹೆಂಗಸರಲ್ಲಿ ಸುಮಾರು 165 ರಿಂದ 255 ಹರ್ಟ್ಜ್. ರಿಸೀವರ್‌ನಲ್ಲಿ ಸೆಂಟರನ್ನು "ಸ್ಮಾಲ್" ಎಂದಿಟ್ಟು 80 ಹರ್ಟ್ಜ್‌ನಲ್ಲಿ ಕತ್ತರಿಸಿದರೆ ಅದರ ಕೆಳಗಿನದ್ದೆಲ್ಲ ಸಬ್‌ವೂಫರಿಗೆ ಹೋಗುತ್ತದೆ. ಆದ್ದರಿಂದ ಸೆಂಟರ್ 60 ಅಥವಾ 70 ಹರ್ಟ್ಜ್‌ವರೆಗೆ ಸಲೀಸಾಗಿ ಇಳಿದರೆ ಸಾಕು. 120ರಲ್ಲೇ ಸುಸ್ತಾಗುವ ಅತಿ ಸಣ್ಣ ಸೆಂಟರ್‌ನಲ್ಲಿ ಮಾತ್ರ ಗಂಡುದನಿ ತೆಳ್ಳಗಾಗುತ್ತದೆ. ಕತ್ತರಿಸುವ ಆವರ್ತನವನ್ನು ಮೇಲೇರಿಸಿದರೆ ಸಬ್‌ವೂಫರ್ ಇರುವ ಮೂಲೆಯಿಂದ ಮಾತು ಇಣುಕತೊಡಗುತ್ತದೆ.

"ಸ್ಮಾಲ್" ಎಂಬುದು ಸ್ಪೀಕರ್‌ನ ಗಾತ್ರಕ್ಕೆ ಮಾಡುವ ಅವಮಾನವಲ್ಲ. ದೊಡ್ಡ ಸೆಂಟರ್ ಇದ್ದವರೂ ಹಾಗೆಯೇ ಇಡಬೇಕು.

ಪೆಟ್ಟಿಗೆಯ ಮೇಲೆ 200 ವ್ಯಾಟ್ ಎಂದಿದೆ. ನನ್ನ ರಿಸೀವರ್ 100 ವ್ಯಾಟ್‌ನದು. ಸಾಕೇ?

ಆ 200ನ್ನು ಮರೆತುಬಿಡಿ. ಅದು ಸ್ಪೀಕರ್ ತಾಳಿಕೊಳ್ಳುವ ಮಿತಿ, ಕೊಡುವ ಶಬ್ದವಲ್ಲ. ನೋಡಬೇಕಾದ್ದು ಸೆನ್ಸಿಟಿವಿಟಿ. 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂಬುದು ಅದರ ಅಳತೆ. 8 ಓಮ್ ವಿದ್ಯುತ್ ರೋಧದ ಸ್ಪೀಕರ್‌ನಲ್ಲಿ ಅದು 1 ವ್ಯಾಟ್‌ಗೆ ಸಮ.

87 ಡೆಸಿಬಲ್‌ನ ಸೆಂಟರ್, 3 ಮೀಟರ್ ದೂರದ ಸೋಫಾ ಎಂದುಕೊಳ್ಳಿ. ದೂರದಿಂದ ಸುಮಾರು 9.5 ಡೆಸಿಬಲ್ ನಷ್ಟ. 1 ವ್ಯಾಟ್‌ಗೆ 77.5 ಉಳಿಯಿತು. ವ್ಯಾಟ್ ಇಮ್ಮಡಿಯಾದಾಗಲೆಲ್ಲ 3 ಡೆಸಿಬಲ್ ಸೇರುತ್ತದೆ, ಹತ್ತು ಪಟ್ಟಾದರೆ 10. ಹೀಗೆ 100 ವ್ಯಾಟ್‌ಗೆ 97.5 ಡೆಸಿಬಲ್ ಸಿಗುತ್ತದೆ. ಕೋಣೆಯ ಪ್ರತಿಫಲನದಿಂದ ಇನ್ನೂ ಕೊಂಚ ಹೆಚ್ಚು. ಮನೆಮಂದಿ ಕೂತು ನೋಡುವುದಕ್ಕೆ ಇದು ಧಾರಾಳ. ಚಿತ್ರಮಂದಿರದ ಮಾನದಂಡವಾದ 105 ಡೆಸಿಬಲ್ ಶಿಖರವನ್ನು ಮುಟ್ಟಬೇಕೆಂಬ ಹಟ ಇದ್ದರೆ 90ರ ಮೇಲಿನ ಸೆನ್ಸಿಟಿವಿಟಿಯ ಸ್ಪೀಕರ್ ಹುಡುಕಿ. ಅದೇ ಮಟ್ಟದ ಶಬ್ದಕ್ಕೆ 84 ಡೆಸಿಬಲ್‌ನ ಸ್ಪೀಕರ್ 87ರದ್ದಕ್ಕಿಂತ ಎರಡು ಪಟ್ಟು ವ್ಯಾಟ್ ಕೇಳುತ್ತದೆ ಎಂಬುದು ಗಮನದಲ್ಲಿರಲಿ.

ಓಮ್ ಸಂಖ್ಯೆಯನ್ನೂ ನೋಡಿ. 4 ಓಮ್ ಸೆಂಟರ್ ರಿಸೀವರ್‌ನಿಂದ ಹೆಚ್ಚು ಕರೆಂಟ್ ಎಳೆಯುತ್ತದೆ. ಸಣ್ಣ ರಿಸೀವರ್‌ಗಳ ಕೈಪಿಡಿಯಲ್ಲಿ 6 ಓಮ್‌ಗಿಂತ ಕಡಿಮೆ ಬೇಡ ಎಂದು ಬರೆದಿದ್ದರೆ ಅದನ್ನು ನಂಬಿ.

ಎಲ್ಲಿ ಇಡಬೇಕು? ಟಿವಿಯ ಮೇಲೋ ಕೆಳಗೋ?

ಕಿವಿಯ ಎತ್ತರಕ್ಕೆ ಯಾವುದು ಹತ್ತಿರವೋ ಅಲ್ಲಿ. ಬಹಳಷ್ಟು ಮನೆಗಳಲ್ಲಿ ಅದು ಟಿವಿಯ ಕೆಳಗೆ. ಮೇಲಾಗಲಿ ಕೆಳಗಾಗಲಿ, ಟ್ವೀಟರ್ ಕುಳಿತವರ ಮುಖದ ಕಡೆ ನೋಡುವಂತೆ ವಾಲಿಸಬೇಕು. ಕಿವಿಗಿಂತ 60 ಸೆಂಟಿಮೀಟರ್ ಕೆಳಗಿರುವ ಸೆಂಟರ್‌ಗೆ 3 ಮೀಟರ್ ದೂರದಲ್ಲಿ ಬೇಕಾಗುವ ಓರೆ ಸುಮಾರು 11 ಡಿಗ್ರಿ. ಮುಂಭಾಗಕ್ಕೆ ಎರಡು ರಬ್ಬರ್ ತುಂಡು ಕೊಟ್ಟರೆ ಮುಗಿಯಿತು. ಇಷ್ಟು ಅಗ್ಗದ ಸುಧಾರಣೆ ಹೋಮ್ ಥಿಯೇಟರ್‌ನಲ್ಲಿ ಮತ್ತೊಂದಿಲ್ಲ, ಆದರೂ ಹೆಚ್ಚಿನ ಸೆಂಟರ್‌ಗಳು ಇಂದಿಗೂ ನೋಡುಗರ ಮೊಣಕಾಲಿಗೆ ಮಾತಾಡುತ್ತಿವೆ.

ಎರಡನೆಯ ಅಂಶ, ಮುಂದಿನ ಅಂಚು. ಸ್ಪೀಕರನ್ನು ಹಲಗೆಯ ಮೇಲೆ ಹಿಂದಕ್ಕೆ ತಳ್ಳಿದರೆ ಅದರ ಮುಂದಿನ ಖಾಲಿ ಹಲಗೆ ಕನ್ನಡಿಯಂತೆ ಧ್ವನಿಯನ್ನು ಎಸೆದು ಮಾತನ್ನು ಮಸುಕು ಮಾಡುತ್ತದೆ. ಸ್ಪೀಕರ್‌ನ ಮುಖ ಹಲಗೆಯ ಅಂಚಿಗೆ ಸಮನಾಗಿ, ಸಾಧ್ಯವಾದರೆ ಕೂದಲೆಳೆಯಷ್ಟು ಹೊರಗೇ ಇರಲಿ.

ಮುಚ್ಚಿದ ಕಪಾಟಿನ ಗೂಡಿನಲ್ಲಿ ಇಡುವುದು ಇನ್ನೂ ಕೆಟ್ಟದ್ದು. ಗೂಡಿನ ಗಾಳಿ ತನ್ನದೇ ಸ್ವರದಲ್ಲಿ ಅನುರಣಿಸಿ ಗಂಡುದನಿಗೆ ಗುಂಯ್‌ಗುಡುವ ದಪ್ಪ ಸೇರಿಸುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಹಿಂದೆ ರಂಧ್ರ ಇರುವ ಸ್ಪೀಕರ್ ಬಿಟ್ಟು ಮುಚ್ಚಿದ ಪೆಟ್ಟಿಗೆಯದನ್ನೋ ಮುಂದೆ ರಂಧ್ರ ಇರುವುದನ್ನೋ ಆರಿಸಿ, ಸುತ್ತಲಿನ ಖಾಲಿ ಜಾಗಕ್ಕೆ ದಪ್ಪ ಫೋಮ್ ತುಂಬಿ.

ಎಡ-ಬಲಗಳ ಟ್ವೀಟರ್‌ಗಳಿಗೂ ಸೆಂಟರ್‌ನ ಟ್ವೀಟರ್‌ಗೂ ಎತ್ತರದ ಅಂತರ ಕಡಿಮೆ ಇದ್ದಷ್ಟೂ ಒಳ್ಳೆಯದು. ಇಲ್ಲದಿದ್ದರೆ ಮೊದಲು ಹೇಳಿದ ಕಾರು ನಡುವೆ ಹಳ್ಳಕ್ಕೆ ಇಳಿದು ಹತ್ತುತ್ತದೆ.

ಪ್ರೊಜೆಕ್ಟರ್ ಇದೆ. ಪರದೆಯ ಹಿಂದೆ ಇಡಬಹುದೇ?

ಧ್ವನಿ ಹಾಯುವ ಪರದೆ ಇದ್ದರೆ ಅದೇ ಸರಿಯಾದ ಜಾಗ. ಚಿತ್ರಮಂದಿರದಲ್ಲಿ ಇರುವುದೂ ಅಲ್ಲೇ. ರಂಧ್ರದ ಪರದೆಗಳು ಎತ್ತರದ ಆವರ್ತನಗಳನ್ನು ತುಸು ತಡೆಯುತ್ತವೆ. ನೇಯ್ದ ಬಟ್ಟೆಯವು ಸಾಮಾನ್ಯವಾಗಿ ಕಡಿಮೆ ತಡೆಯುತ್ತವೆ. ಮೂರೂ ಒಂದೇ ಸ್ಪೀಕರ್‌ಗಳನ್ನು ಒಂದೇ ಎತ್ತರಕ್ಕೆ ನೆಟ್ಟಗೆ ನಿಲ್ಲಿಸುವ ಭಾಗ್ಯ ಇಂಥವರದ್ದು. ಅವರು ಅಡ್ಡ ಸೆಂಟರ್ ಕೊಳ್ಳುವುದಕ್ಕೆ ಕಾರಣವೇ ಇಲ್ಲ.

ಒಳ್ಳೆಯ ಸೆಂಟರ್ ತಂದರೂ ಮಾತು ಸ್ಪಷ್ಟವಿಲ್ಲ. ಇನ್ನೂ ದೊಡ್ಡದು ಕೊಳ್ಳಬೇಕೇ?

ಇನ್ನೊಂದು ಸ್ಪೀಕರ್ ಕೊಳ್ಳುವ ಮುನ್ನ ಬೇರೆ ಅಪರಾಧಿಗಳನ್ನು ವಿಚಾರಿಸಿ.

ಮೊದಲು ಮೂಲ. ಸ್ಟ್ರೀಮಿಂಗ್ ಪೆಟ್ಟಿಗೆಯೋ ಟಿವಿಯೋ ಎರಡೇ ವಾಹಿನಿಯ ಧ್ವನಿ ಕಳುಹಿಸುತ್ತಿದ್ದರೆ ಸೆಂಟರ್‌ಗೆ ನಿಜವಾದ ಸಂಭಾಷಣೆಯ ವಾಹಿನಿ ಬರುತ್ತಲೇ ಇಲ್ಲ. ರಿಸೀವರ್‌ನ ಪರದೆಯಲ್ಲಿ ಬರುತ್ತಿರುವ ಸಂಕೇತ ಏನೆಂದು ನೋಡಿ. ಸ್ಟೀರಿಯೋ ಎಂದಿದ್ದರೆ ಮೂಲದ ಧ್ವನಿ ಆಯ್ಕೆಗಳನ್ನು 5.1ಕ್ಕೆ (ಐದು ಸ್ಪೀಕರ್, ಒಂದು ಸಬ್‌ವೂಫರ್‌ನ ಧ್ವನಿಗೆ) ಬದಲಿಸಿ. ಎಷ್ಟೋ ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ಮಟ್ಟ. ಪರೀಕ್ಷಾ ಶಬ್ದ ಹಾಕಿ ಕುಳಿತ ಜಾಗದಲ್ಲಿ ಎಲ್ಲ ಸ್ಪೀಕರ್‌ಗಳೂ ಒಂದೇ ಮಟ್ಟಕ್ಕೆ, ಸಾಮಾನ್ಯವಾಗಿ 75 ಡೆಸಿಬಲ್‌ಗೆ, ಬರುವಂತೆ ಹೊಂದಿಸಿ. ಬಳಿಕ ಸೆಂಟರನ್ನು 1 ರಿಂದ 3 ಡೆಸಿಬಲ್ ಏರಿಸುವುದರಲ್ಲಿ ಯಾವ ಪಾಪವೂ ಇಲ್ಲ. ಅದಕ್ಕಿಂತ ಹೆಚ್ಚು ಏರಿಸಬೇಕೆನಿಸಿದರೆ ತೊಂದರೆ ಬೇರೆಲ್ಲೋ ಇದೆ ಎಂದರ್ಥ. ದೂರವನ್ನೂ ಸರಿಯಾಗಿ ತುಂಬಿ: ಸುಮಾರು 34 ಸೆಂಟಿಮೀಟರ್ ತಪ್ಪಾದರೆ ಧ್ವನಿ ಒಂದು ಮಿಲಿಸೆಕೆಂಡ್ ಹಿಂದುಮುಂದಾಗುತ್ತದೆ.

ಕೋಣೆಯ ಪಾಲು ಎಲ್ಲಕ್ಕಿಂತ ದೊಡ್ಡದು. ನುಣುಪಾದ ಕಲ್ಲಿನ ನೆಲ, ಬರಿ ಗೋಡೆ, ಗಾಜಿನ ಕಿಟಕಿ, ಸೋಫಾದ ಮುಂದೆ ಗಾಜಿನ ಮೇಜು ಇದ್ದಲ್ಲಿ ಪ್ರತಿ ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಸ್ಪೀಕರ್‌ಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಪಕ್ಕದ ಗೋಡೆಗೆ ತುಂಬಿದ ಪುಸ್ತಕದ ಕಪಾಟು ಬಂದರೆ ಆಗುವ ಬದಲಾವಣೆಯನ್ನು ದುಬಾರಿ ಸೆಂಟರ್ ಕೊಡಲಾರದು. ಗಾಜಿನ ಮೇಜನ್ನು ಒಂದು ಸಂಜೆ ಪಕ್ಕಕ್ಕೆ ಸರಿಸಿ ಕೇಳಿ.

ಕೊನೆಗೆ, ಪಿಸುಮಾತಿಗೂ ಸ್ಫೋಟಕ್ಕೂ ನಡುವಿನ ಅಂತರ. ಚಿತ್ರಗಳನ್ನು ದೊಡ್ಡ ಸಭಾಂಗಣಕ್ಕೆ ತಕ್ಕಂತೆ ಮಿಶ್ರಣ ಮಾಡಿರುತ್ತಾರೆ; ರಾತ್ರಿ ಶಬ್ದ ತಗ್ಗಿಸಿ ನೋಡಿದರೆ ಪಿಸುಮಾತು ಮುಳುಗಿಹೋಗುತ್ತದೆ. ರಿಸೀವರ್‌ನ ನೈಟ್ ಮೋಡ್ ಈ ಅಂತರವನ್ನು ಕುಗ್ಗಿಸುತ್ತದೆ. ಕೆಲವು ನಟರು ಗೊಣಗುವುದೇ ಹಾಗೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅದಕ್ಕೆ ಸ್ಪೀಕರ್ ಹೊಣೆಯಲ್ಲ.

ರಿಸೀವರ್‌ನ ಮೈಕ್ ಇಟ್ಟು ಮಾಡುವ ಸ್ವಯಂ ಹೊಂದಾಣಿಕೆ ಇದನ್ನೆಲ್ಲ ಸರಿಪಡಿಸುವುದಿಲ್ಲವೇ?

ಮಟ್ಟ ಮತ್ತು ದೂರವನ್ನು ಚೆನ್ನಾಗಿ ಹೊಂದಿಸುತ್ತದೆ. ನಾದಗುಣದ ಸಣ್ಣ ವ್ಯತ್ಯಾಸವನ್ನು ಹತ್ತಿರ ತರುತ್ತದೆ. ಪಕ್ಕದ ಆಸನದ ಗುಂಡಿಯನ್ನು ಮಾತ್ರ ತುಂಬಲಾರದು. ಎರಡು ಅಲೆಗಳು ಪರಸ್ಪರ ಅಳಿಸಿಕೊಳ್ಳುವಲ್ಲಿ ಎಷ್ಟು ಶಕ್ತಿ ಸುರಿದರೂ ಎರಡೂ ಒಟ್ಟಿಗೆ ಏರಿ ಮತ್ತೆ ಅಳಿಸಿಕೊಳ್ಳುತ್ತವೆ.

ಟಿವಿಯ ಮೇಲೊಂದು, ಕೆಳಗೊಂದು, ಎರಡು ಸೆಂಟರ್ ಇಟ್ಟರೆ ಧ್ವನಿ ಪರದೆಯ ನಡುವಿನಿಂದ ಬರುವುದಿಲ್ಲವೇ?

ಸರಿಯಾದ ಎತ್ತರದಲ್ಲಿ ತಲೆ ಅಲುಗಿಸದೆ ಕುಳಿತರೆ ಬರುತ್ತದೆ. ಸ್ವಲ್ಪ ಒರಗಿದರೆ ಮೇಲಿನ ಆವರ್ತನಗಳು ಬಾಚಣಿಗೆಯ ಹಲ್ಲಿನಂತೆ ಏರಿಳಿಯತೊಡಗುತ್ತವೆ. ಒಂದೇ ಇಟ್ಟು ಸರಿಯಾಗಿ ವಾಲಿಸಿ. ಕಣ್ಣೆದುರು ತುಟಿ ಅಲುಗುತ್ತಿರುವಾಗ ಧ್ವನಿ ಒಂದಿಷ್ಟು ಕೆಳಗಿನಿಂದ ಬಂದರೂ ಮಿದುಳು ಅದನ್ನು ತುಟಿಗೇ ಅಂಟಿಸಿಕೊಳ್ಳುತ್ತದೆ.

ಸೌಂಡ್‌ಬಾರನ್ನು ಸೆಂಟರ್ ಆಗಿ ಬಳಸಬಹುದೇ? ಟಿವಿಯ ಸ್ಪೀಕರನ್ನು?

ಸೌಂಡ್‌ಬಾರ್ ಬೇಡ. ಅದರೊಳಗೆ ಆಂಪ್ಲಿಫೈಯರ್ ಇರುತ್ತದೆ, ಧ್ವನಿಯನ್ನು ಹರಡುವ ತನ್ನದೇ ಸಂಸ್ಕರಣೆ ಇರುತ್ತದೆ. ರಿಸೀವರ್‌ನ ಸ್ಪೀಕರ್ ತಂತಿಗೆ ಅದು ಒಗ್ಗುವುದಿಲ್ಲ. ಸೆಂಟರ್ ಸಂಕೇತವನ್ನು ಸ್ವೀಕರಿಸುವ ಸೌಲಭ್ಯ ಇರುವ ಕೆಲವು ಟಿವಿಗಳಿವೆ. ಅಂಥದ್ದು ಇದ್ದರೂ ನಾದಗುಣದ ಹೊಂದಾಣಿಕೆಯ ಆಸೆ ಬಿಡಬೇಕು.

ಆಯಸ್ಕಾಂತದ ಕವಚ ಇರುವುದನ್ನೇ ಕೊಳ್ಳಬೇಕೇ?

ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಇದ್ದರೆ ಬೇಕು. ಈಗಿನ ಚಪ್ಪಟೆ ಟಿವಿಗಳಿಗೆ ಬೇಡ.

ಹಾಡು ಕೇಳುವಾಗ ಸೆಂಟರ್ ಕೆಲಸ ಮಾಡುತ್ತದೆಯೇ?

ಸ್ಟೀರಿಯೋ ಹಾಡನ್ನು ಸ್ಟೀರಿಯೋ ಆಗಿಯೇ ನುಡಿಸಿದರೆ ಇಲ್ಲ, ಅದು ಸುಮ್ಮನಿರುತ್ತದೆ. ಡಾಲ್ಬಿ ಸರೌಂಡ್‌ನಂಥ ವಿಧಾನ ಆರಿಸಿದರೆ ಎರಡೂ ಕಡೆ ಸಮಾನವಾಗಿರುವ ಧ್ವನಿಯನ್ನು, ಅಂದರೆ ಬಹುಮಟ್ಟಿಗೆ ಗಾಯಕರ ಕಂಠವನ್ನು, ಸೆಂಟರ್‌ಗೆ ತಳ್ಳುತ್ತದೆ. ಕೋಣೆ ತುಂಬ ಜನ ಇದ್ದಾಗ ಅದು ಚೆನ್ನ. ಒಬ್ಬರೇ ಕೇಳುವಾಗ ನನಗೆ ಎರಡೇ ಸ್ಪೀಕರ್ ಇಷ್ಟ.

ಅಂಗಡಿಯಲ್ಲಿ ಹೇಗೆ ಪರೀಕ್ಷಿಸಬೇಕು?

ಮಾರುವವರು ಸ್ಫೋಟದ ದೃಶ್ಯ ಹಾಕುತ್ತಾರೆ. ಬೇಡವೆನ್ನಿ. ನಿಮಗೆ ಚೆನ್ನಾಗಿ ಪರಿಚಯವಿರುವ ದನಿಯ ಸುದ್ದಿವಾಚನವನ್ನೋ ಸಂದರ್ಶನವನ್ನೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ, ಸೆಂಟರ್ ಒಂದರಿಂದಲೇ ನುಡಿಸಲು ಹೇಳಿ. ಎದುರಿಗೆ ಒಂದು ನಿಮಿಷ ಕೇಳಿ, ಆಮೇಲೆ ಅದೇ ದೂರದಲ್ಲಿ ನಿಧಾನವಾಗಿ ಪಕ್ಕಕ್ಕೆ ನಡೆಯಿರಿ. ಒಳ್ಳೆಯ ಸೆಂಟರ್‌ನಲ್ಲಿ ದನಿ ತುಸು ಮೆತ್ತಗಾಗಬಹುದು, ಆದರೆ ಆಸಾಮಿ ಅದೇ ಇರುತ್ತಾನೆ. ಕೆಟ್ಟದ್ದರಲ್ಲಿ ಎರಡು ಹೆಜ್ಜೆಗೆ ದನಿ ಡಬ್ಬಿಯೊಳಗೆ ಸೇರುತ್ತದೆ. ಸುರಿಮಳೆಯಂಥ ಪಿಂಕ್ ನಾಯ್ಸ್ ಶಬ್ದ ಹಾಕಿ ನಡೆದರೆ ಇದು ಇನ್ನೂ ಎದ್ದು ಕಾಣುತ್ತದೆ.

ಬಳಿಕ ಅದೇ ಶಬ್ದವನ್ನು ಎಡ, ನಡು, ಬಲಗಳಿಗೆ ಒಂದಾದ ಮೇಲೊಂದು ಕೊಡಿಸಿ. ಕಣ್ಣು ಮುಚ್ಚಿದಾಗ ಜಾಗ ಮಾತ್ರ ಬದಲಾಗಬೇಕು, ಮಳೆ ಬದಲಾಗಬಾರದು. ಎಷ್ಟು ದುಬಾರಿಯಾದರೂ ಈ ಎರಡು ಪರೀಕ್ಷೆಗಳಲ್ಲಿ ಸೋತದ್ದನ್ನು ಬಿಟ್ಟು ಬನ್ನಿ.

ಒಟ್ಟು ಹಣದಲ್ಲಿ ಸೆಂಟರ್‌ಗೆ ಎಷ್ಟು ಪಾಲು?

ಎಡ-ಬಲಗಳಲ್ಲಿ ಒಂದಕ್ಕೆ ಎಷ್ಟು ಕೊಡುತ್ತೀರೋ ಕನಿಷ್ಠ ಅಷ್ಟು. ಹಣ ಸಾಲದಿದ್ದರೆ ಎಡ-ಬಲಗಳನ್ನು ಎತ್ತರದ ಸ್ಪೀಕರ್‌ಗಳಿಂದ ಅದೇ ಶ್ರೇಣಿಯ ಬುಕ್‌ಶೆಲ್ಫ್‌ಗೆ ಇಳಿಸಿ, ಉಳಿದದ್ದನ್ನು ಸೆಂಟರ್‌ಗೆ ಹಾಕಿ. ಸಬ್‌ವೂಫರ್ ಇರುವಲ್ಲಿ ಇದರಿಂದ ಕಳೆದುಕೊಳ್ಳುವುದು ಬಹಳ ಕಡಿಮೆ.

ತಂತಿಯ ವಿಷಯದಲ್ಲಿ ಏನಾದರೂ?

ಮನೆಯೊಳಗಿನ ದೂರಗಳಿಗೆ 16 ಗೇಜ್ ತಾಮ್ರದ ತಂತಿ ಸಾಕು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಸೆಂಟರ್ ಒಂದರಲ್ಲಿ ಇದು ತಿರುಗುಮುರುಗಾದರೆ ಮಾತು ಕೇಳಿಸುತ್ತದೆ, ಆದರೆ ಮುಂಭಾಗದ ಮೂರು ಸ್ಪೀಕರ್‌ಗಳು ಒಂದಕ್ಕೊಂದು ಬೆನ್ನು ತಿರುಗಿಸಿ ಕುಳಿತಂತಾಗಿ ಧ್ವನಿ ತೆಳುವಾಗುತ್ತದೆ.

ಬಳಸಿದ ಸೆಂಟರ್ ಕೊಳ್ಳಬಹುದೇ?

ಧಾರಾಳವಾಗಿ, ನಿಂತುಹೋದ ಶ್ರೇಣಿಗೆ ಜೋಡಿ ಹುಡುಕುವವರಿಗೆ ಅದೇ ದಾರಿ. ವೂಫರ್‌ನ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ರಬ್ಬರ್ ಆಗಿದ್ದರೆ ಸಾಮಾನ್ಯವಾಗಿ ಬಹುಕಾಲ ಬಾಳುತ್ತದೆ. ಹಳೆಯ ಫೋಮ್ ಆಗಿದ್ದರೆ ಪುಡಿಪುಡಿಯಾಗಿರಬಹುದು. ಟ್ವೀಟರ್ ಗುಮ್ಮಟ ಒಳಕ್ಕೆ ಕುಸಿದಿದ್ದರೆ ಬೇಡ. ಪ್ರತಿ ಡ್ರೈವರ್‌ಗೂ ಕಿವಿ ಹತ್ತಿರ ಹಿಡಿದು ಎಲ್ಲವೂ ನುಡಿಯುತ್ತಿವೆಯೇ ಕೇಳಿ. ತ್ರೀ-ವೇ ಸೆಂಟರ್‌ನಲ್ಲಿ ಮಿಡ್‌ರೇಂಜ್ ಸತ್ತಿದ್ದರೂ ವೂಫರ್‌ಗಳು ಮತ್ತು ಟ್ವೀಟರ್ ಸೇರಿ ಮಾತನ್ನು ಹೇಗೋ ಎಳೆದುಕೊಂಡು ಹೋಗುತ್ತಿರುತ್ತವೆ. ಮಾರುವವರಿಗೇ ಅದು ಗೊತ್ತಿರದಿರಬಹುದು. ಮಂದ್ರದ ಗಂಡುದನಿಯನ್ನು ಸ್ವಲ್ಪ ಜೋರಾಗಿ ಹಾಕಿದಾಗ ಕರಕರ ಸದ್ದು ಬಂದರೆ ಕೋನನ್ನು ಅಲುಗಿಸುವ ತಂತಿಯ ಸುರುಳಿ ಉಜ್ಜುತ್ತಿದೆ ಎಂದು ತಿಳಿದು, ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ.